ಮೇಷ್ಟ್ರ ಸಮಪಾಲು

ರಘುನಾಥ ಭಟ್ಟರು ಪ್ರಯಾಗದಿಂದ ಒಬ್ಬರೇ ವಾಪಸು ಬಂದಾಗ ಹೆಂಡತಿ ಪ್ರೇಮಾ ಐದು ತಟ್ಟೆ ಹಾಕಿ ಆಗಿತ್ತು. ಐದನೆಯದು ಮಹಡಿಯ ಮೇಷ್ಟ್ರದು. ಅವರು ಬೆನ್ನು ಆನಿಸಿಕೊಂಡು ಕೂರಲೆಂದು ಅದನ್ನು ಯಾವಾಗಲೂ ಗೋಡೆಯ ಪಕ್ಕಕ್ಕೇ ಹಾಕುತ್ತಿದ್ದಳು.

"ಮೇಷ್ಟ್ರೆಲ್ಲಿ?"

ಭಟ್ಟರು ಕೈಕಾಲು ತೊಳೆದು, ಒರೆಸಿಕೊಂಡು, ಆಮೇಲೆ ಹೇಳಿದರು. "ಹೋಗ್ಬಿಟ್ರು, ಪ್ರೇಮಾ. ನಿನ್ನೆ ಬೆಳಿಗ್ಗೆ ಸ್ನಾನ ಮುಗಿಸಿ ಡೇರೆಗೆ ಬಂದು ಕೂತವರು ಏಳಲೇ ಇಲ್ಲ. ಎದೆಬಡಿತ ನಿಂತಿದೆ ಅಂದ್ರು ಡಾಕ್ಟರು. ಅಲ್ಲೇ ದಹನ ಮಾಡ್ದೆ. ಇವತ್ತು ಬೆಳಿಗ್ಗೆ ಅಸ್ಥೀನ ಸಂಗಮದಲ್ಲಿ ಬಿಟ್ಟೆ."

ಪ್ರೇಮಾ ಗೋಡೆ ಪಕ್ಕದ ತಟ್ಟೆಯನ್ನು ನೋಡಿದಳು. ಹನ್ನೊಂದು ವರ್ಷ ಅವಳ ಕೈಯಡುಗೆ ಉಂಡ ಮನುಷ್ಯ. ಆದರೆ ಅಳು ಹೊರಗೆ ಬರುವ ಮೊದಲೇ ಅವಳ ಕಣ್ಣು ಮಗಳ ಮೇಲೆ ಬಿತ್ತು. ಅದಿತಿ ತಲೆ ತಗ್ಗಿಸಿ ಕೂತಿದ್ದಳು. ಆಶ್ಚರ್ಯವಾದವರು ಕೂರುವ ರೀತಿ ಅದಲ್ಲ.

"ನಿಂಗೆ ಗೊತ್ತಿತ್ತಾ?"

"ಅಪ್ಪ ನಿನ್ನೆ ಫೋನ್ ಮಾಡಿದ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಅಳ್ತಿದ್ದೆ ಅಮ್ಮ. ಗಲೀಲಿ ಎಲ್ಲರಿಗೂ ಗೊತ್ತಾಗ್ತಿತ್ತು."

ಗೊತ್ತಾಗಬಾರದು ಎಂಬುದು ಅಪ್ಪ ಮಗಳು ಫೋನಿನಲ್ಲೇ ಮಾಡಿಕೊಂಡಿದ್ದ ತೀರ್ಮಾನ. ಕಾರಣ, ಮೇಷ್ಟ್ರು ಸತ್ತದ್ದು ಹೊರಗೆ ಬಂದರೆ 'ಸಮಪಾಲು' ನಿಂತುಹೋಗುತ್ತಿತ್ತು.

ಕಾಶಿಯ ಹನುಮಾನ್ ಘಾಟಿನ ಆ ಗಲ್ಲಿಯಲ್ಲಿ ಭಟ್ಟರ ಮನೆತನ ನಾಲ್ಕು ತಲೆಮಾರಿನಿಂದ ಇದೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುವುದು ಕಸುಬು. ಐದಾರು ವರ್ಷದಿಂದ ಕ್ಯಾನ್ಸರ್ ಆಸ್ಪತ್ರೆಗೆಂದು ಕನ್ನಡದವರು ಬರುವುದು ಹೆಚ್ಚಾಯಿತು. ಧರ್ಮಶಾಲೆಯಲ್ಲಿ ಇಳಿದುಕೊಂಡು, ಪೂರಿ ಕಚೌಡಿ ತಿಂದು ಹೊಟ್ಟೆ ಕೆಡಿಸಿಕೊಂಡ ಅವರಿಗೆ ಪ್ರೇಮಾ ಮಧ್ಯಾಹ್ನ ಅನ್ನ ಸಾರು ಕೊಡಲು ಶುರುಮಾಡಿದಳು. ಐದು ಜನ ಇದ್ದದ್ದು ಇಪ್ಪತ್ತೈದಾಯಿತು. ಅಡುಗೆಮನೆಯಲ್ಲಿ ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಪಕ್ಕದ ಎರಡು ಕೋಣೆಗಳನ್ನು ಮೂವತ್ತು ವರ್ಷಕ್ಕೆ ಬರೆದುಕೊಡಲು ಮಾಲೀಕ ಒಪ್ಪಿದ. ಹದಿನಾರು ಲಕ್ಷ, ಶಿವರಾತ್ರಿಯೊಳಗೆ.

ಅದರಲ್ಲಿ ಎಂಟು ಲಕ್ಷ ಮೇಷ್ಟ್ರೇ ಕೊಟ್ಟರು. ಚಿದಾನಂದ ಮೇಷ್ಟ್ರು ತಿಪಟೂರಿನ ಕಡೆಯವರು, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾಗಿ ಭಟ್ಟರ ಮಹಡಿಗೆ ಬಂದವರು. ಮದುವೆಯಿಲ್ಲ, ಮಕ್ಕಳಿಲ್ಲ. ಮೈಸೂರಿನ ಸೈಟು ಮಾರಿ ಕಾರ್ತೀಕ ಮಾಸದಲ್ಲಿ ಚೆಕ್ಕನ್ನು ಪ್ರೇಮಾಳ ಕೈಗೇ ಕೊಟ್ಟರು. "ಷರತ್ತು ಏನೂ ಇಲ್ಲಮ್ಮ. ನಾನು ಹೋದಾಗ ಹನ್ನೆರಡು ದಿನದ್ದು ನಿಮ್ಮನೆಯವರು ಮಾಡಿಬಿಡ್ಲಿ. ತಡ ಮಾಡ್ಬೇಡಿ. ನಂಗೆ ಕಾಯೋದು ಅಂದ್ರೆ ಆಗಲ್ಲ, ಗೊತ್ತಲ್ಲ." ಗೊತ್ತಿತ್ತು. ಹನ್ನೆರಡು ಹೊಡೆದು ಐದು ನಿಮಿಷವಾದರೆ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸುತ್ತಿತ್ತು. ಪ್ರೇಮಾ ಮಾತು ಕೊಟ್ಟಳು.

ಉಳಿದ ಎಂಟು ಲಕ್ಷಕ್ಕೆ ಅದಿತಿ ಉಪಾಯ ಹೂಡಿದಳು. ಅವಳು ಕೆಲಸ ಮಾಡುವ ಕಚೇರಿ ದಾನಸಂಸ್ಥೆಗಳಿಗೆ ಹಣ ಕೂಡಿಸುವ ಇಂಟರ್‌ನೆಟ್ ಪೇಜು ಮಾಡಿಕೊಡುತ್ತದೆ. ಅಂಥದೇ ಒಂದರಲ್ಲಿ ಮೇಷ್ಟ್ರ ಫೋಟೋ ಹಾಕಿ ಕೆಳಗೆ ಬರೆದಳು: 'ನೀವು ಕೊಡುವ ಪ್ರತಿ ರೂಪಾಯಿಗೂ ಮೇಷ್ಟ್ರದು ಸಮಪಾಲು, ಇನ್ನೊಂದು ರೂಪಾಯಿ. ಶಿವರಾತ್ರಿಯವರೆಗೆ ಮಾತ್ರ. ನೀವು ಕೊಡದಿದ್ದರೆ ಅವರದೂ ಬಾರದು.'

ಮೇಷ್ಟ್ರು ಓದಿ ನಕ್ಕಿದ್ದರು. "ಕೊಟ್ಟಿರೋದನ್ನೇ ಇನ್ನೊಂದು ಸಲ ಕೊಡೋದು ಹೇಗೆ ಪುಟ್ಟಿ?"

"ಸಬ್ ಐಸೇ ಹೀ ಕರ್ತೇ ಹೈಂ ತಾತ, ಎಲ್ಲರೂ ಹೀಗೇ. ಜೊತೆಗೆ ಇನ್ನೊಬ್ಬರು ಕೊಡ್ತಾರೆ ಅಂದ್ರೇನೇ ಜನ ಕೈ ಬಿಚ್ಚೋದು."

ನಗುತ್ತಲೇ ಒಪ್ಪಿದರು. ಹಣ ಬಂದಾಗಲೆಲ್ಲ ತಮ್ಮ ಫೋನು ಮಾತಾಡಲಿ ಎಂದು ಸ್ವಂತ ದನಿಯನ್ನೂ ತುಂಬಿಸಿದರು: "ನಿಮ್ಮದು ಬಂತು. ನನ್ನದೂ ಬಂತು." ಎಪ್ಪತ್ತೆಂಟಾದರೂ ಹೊಗಳಿಕೆ ಯಾರಿಗೆ ಬೇಡ? ಪ್ರಯಾಗಕ್ಕೆ ಹೋಗುವಾಗ ನೀರಲ್ಲಿ ಬಿದ್ದೀತೆಂದು ಆ ಫೋನನ್ನು ಮಹಡಿಯ ಕೋಣೆಯಲ್ಲೇ ಚಾರ್ಜಿಗೆ ಹಾಕಿ ಹೋಗಿದ್ದರು.

ಅವತ್ತು ನಾಲ್ವರು ತಟ್ಟೆಯ ಮುಂದೆ ಕೂತಾಗ ಭಟ್ಟರ ತಾಯಿ ಶ್ರೀರಮಾ ಮಾತು ತೆಗೆದರು. ಎಂಬತ್ತೆರಡರ ಆಕೆಗೆ ಕಿವಿ ಸರಿಯಾಗಿಯೇ ಇತ್ತು.

"ಕರ್ಮ ಯಾವಾಗ ಹಿಡೀತೀಯೋ ರಘು?"

"ಶಿವರಾತ್ರಿ ಕಳೀಲಿ ಅಮ್ಮ."

"ಇಪ್ಪತ್ತೈದು ದಿನ ಇದೆಯಲ್ಲೋ. ಹತ್ತು ದಿನದ ಪಿಂಡ ಇಲ್ಲ ಅವನಿಗೆ, ನೀರಿಲ್ಲ. ಹಸ್ಕೊಂಡು ಎಲ್ಲಿಗೆ ಹೋಗ್ತಾನೆ?"

"ಕಾಲ ಮೀರಿದ್ರೆ ಪ್ರಾಯಶ್ಚಿತ್ತ ಇದೆ. ಮೂರೇ ದಿನದಲ್ಲಿ ಮುಗಿಸೋ ಕ್ರಮಾನೂ ಇದೆ. ನಾನೀಗ ತಲೆ ಬೋಳಿಸಿದ್ರೆ ಘಾಟಿನಲ್ಲಿ ಒಬ್ಬೊಬ್ಬನೂ ಕೇಳ್ತಾನೆ, ಯಾರು ಭಟ್ರೇ ಅಂತ."

"ಊರೋರಿಗೆ ಹೀಗೆ ಹೇಳ್ತೀಯಾ? ಹನ್ನೆರಡನೇ ದಿನ ತಪ್ಪಿಸಿದೋರಿಗೆ ಮುಖ ಮೂತಿ ನೋಡದೆ ಬೈತೀಯಲ್ಲ."

ಭಟ್ಟರು ಅನ್ನ ಕಲಸಿದರು. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರಲ್ಲ, ಊರಿಗೆಲ್ಲ ಸದ್ಗತಿ ಕೊಡಿಸುವ ಮನೆಯಲ್ಲಿ ಅವತ್ತು ಅದೇ ಆಯಿತು.

"ಅಮ್ಮ, ಸುನೋ," ಎಂದಳು ಅದಿತಿ. "ಅವರಿಲ್ಲ ಅಂದ್ರೆ ಜನ ಕೇಳ್ತಾರೆ, ಮತ್ತೆ ರೂಪಾಯಿಗೆ ರೂಪಾಯಿ ಕೊಡ್ತಿರೋರು ಯಾರು ಅಂತ."

"ಯಾರೂ ಕೊಡ್ತಿಲ್ವಲ್ಲೇ. ಕಾರ್ತೀಕದಲ್ಲೇ ಕೊಟ್ಟಾಗಿದೆ."

"ಅದೇ. ಅದನ್ನ ಹೇಳ್ಬೇಕಾಗತ್ತೆ."

ಪ್ರೇಮಾ ಇನ್ನೇನೋ ಹೇಳಲು ಹೊರಟಳು. ಅಷ್ಟರಲ್ಲಿ ಮಹಡಿಯ ಮೇಲಿಂದ ಮೇಷ್ಟ್ರ ದನಿ ಬಂತು. "ನಿಮ್ಮದು ಬಂತು. ನನ್ನದೂ ಬಂತು."

ಯಾರೋ ಹಣ ಹಾಕಿದ್ದರು, ಅಷ್ಟೆ. ಎಲ್ಲರಿಗೂ ಅದು ಗೊತ್ತಿತ್ತು. ಆದರೂ ನಾಲ್ವರೂ ತಟ್ಟೆ ಬಿಟ್ಟು ಮೆಟ್ಟಿಲ ಕಡೆ ನೋಡಿದರು.

ಕೇಳಿದವರಿಗೆ ಮೇಷ್ಟ್ರಿಗೆ ಹುಷಾರಿಲ್ಲ, ಮೇಲೆ ಮಲಗಿದ್ದಾರೆ ಎಂದು ಹೇಳುವುದಾಯಿತು. ಹೇಳುತ್ತಿದ್ದವಳು ಪ್ರೇಮಾ, ಯಾಕೆಂದರೆ ಬಾಗಿಲಲ್ಲಿ ಇರುತ್ತಿದ್ದವಳು ಅವಳು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು. ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಮನೆಯವರ ಅನ್ನವನ್ನು ಅವಳು ಬೇರೆಯಾಗಿ ಇಡುತ್ತಿದ್ದಳು, ಒಬ್ಬರಿಗೆ ಅರ್ಧ ಲೋಟ ಅಕ್ಕಿಯಂತೆ. ಮೊದಲ ಎರಡು ದಿನ ಅಭ್ಯಾಸಬಲದಿಂದ ಮೇಷ್ಟ್ರ ಅರ್ಧ ಲೋಟವನ್ನೂ ಹಾಕಿಬಿಟ್ಟಳು. ನಾಲ್ಕು ಜನ ಉಂಡೆದ್ದಾಗ ಪಾತ್ರೆಯಲ್ಲಿ ಒಂದು ಅಗುಳೂ ಉಳಿದಿರಲಿಲ್ಲ. ಮೂರನೇ ದಿನ ನೆನಪಿಟ್ಟುಕೊಂಡು ಎರಡೇ ಲೋಟ ಹಾಕಿದಳು. ಕೊನೆಗೆ ಕೂತ ಅವಳಿಗೇ ಇರಲಿಲ್ಲ.

"ನೀನು ಜಾಸ್ತಿ ತಿಂತಿದೀಯಾ?" ಮಗಳನ್ನು ಕೇಳಿದಳು.

"ನಾನಾ? ನಾನು ರಾತ್ರಿ ಊಟಾನೇ ಬಿಟ್ಟಿದೀನಿ ಅಮ್ಮ."

"ಮತ್ತೆ ನಿಮಗೇನಾದ್ರೂ ಹಸಿವು ಹೆಚ್ಚಾಗಿದೆಯಾ?"

"ಅಕ್ಕಿ ಹೊಸದಿರಬೇಕು. ಹೊಸ ಅಕ್ಕಿ ಒದಗಲ್ಲ," ಎಂದರು ಭಟ್ಟರು.

ಅದು ದೀಪಾವಳಿಗೆ ತಂದ ಹಳೆ ಅಕ್ಕಿಯ ಮೂಟೆ. ಪ್ರೇಮಾ ಅದನ್ನು ಹೇಳಲಿಲ್ಲ. ಮಾರನೇ ದಿನದಿಂದ ಮತ್ತೆ ಎರಡೂವರೆ ಲೋಟ ಇಟ್ಟಳು. ಸರಿಹೋಯಿತು. ಸರಿಹೋದದ್ದಕ್ಕೇ ಅವಳಿಗೆ ಹೆದರಿಕೆಯಾಯಿತು.

ಹನ್ನೊಂದನೇ ದಿನ ಕಳೆಯಿತು. ಹನ್ನೆರಡನೇ ದಿನ ಭಟ್ಟರು ಬೆಳಿಗ್ಗೆಯೇ ಘಾಟಿಗೆ ಹೋಗಿ ಹಾಸನದವರೊಬ್ಬರ ತಂದೆಗೆ ಸಪಿಂಡೀಕರಣ ಮಾಡಿಸಿ, ದಕ್ಷಿಣೆ ತೆಗೆದುಕೊಂಡು ಬಂದರು. ಶ್ರೀರಮಾ ಅವತ್ತಿನಿಂದ ಅನ್ನ ಮುಟ್ಟಲಿಲ್ಲ.

"ಅವಲಕ್ಕಿ ಸಾಕು ನಂಗೆ."

"ಅಮ್ಮ, ಹಟ ಮಾಡ್ಬೇಡ."

"ಹಟ ಅಲ್ಲವೋ. ಇನ್ನೊಬ್ಬರ ಪಾಲು ಉಣ್ತಿದೀನೋ ಏನೋ ಅನ್ಸತ್ತೆ."

ಅದೇ ವಾರ ಇನ್ನೊಂದು ಶುರುವಾಯಿತು. ತರಕಾರಿ ಗಾಡಿಯವನು ಪಾಲಕ್ ತೂಗುತ್ತ, "ಮಾಸ್ಟರ್ ಸಾಹಬ್ ಕ ತಬೀಯತ್ ಠೀಕ್ ಹೋ ಗಯಲ್ ಕಾ?" ಎಂದು ಮೇಷ್ಟ್ರ ಆರೋಗ್ಯ ವಿಚಾರಿಸಿದ. ಬೆಳಿಗ್ಗೆ ಕೇದಾರ ಘಾಟಿನ ಮೆಟ್ಟಿಲ ಮೇಲೆ ಕೂತಿದ್ದರಂತೆ. ಇವನು ನಮಸ್ಕಾರ ಹಾಕಿದರೆ ಮಾತಾಡಲಿಲ್ಲವಂತೆ. ಕಾಶಿಯಲ್ಲಿ ಕಂದು ಶಾಲು ಹೊದ್ದು ಮೆಟ್ಟಿಲ ಮೇಲೆ ಕೂತ ಮುದುಕರಿಗೆ ಬರವೇ? ಪ್ರೇಮಾ ಹಾಗೆಂದುಕೊಂಡೇ ಪಾಲಕ್ ತಂದಳು. ಎರಡು ದಿನಕ್ಕೆ ಮೇಷ್ಟ್ರ ಹಳೆಯ ವಿದ್ಯಾರ್ಥಿಯೊಬ್ಬ ಪೇಜಿನಲ್ಲಿ ಬರೆದ: 'ನಿನ್ನೆ ಅಸ್ಸಿಯ ಚಹಾ ಅಂಗಡಿಯ ಬಳಿ ಸರ್ ಕಂಡರು. ತುಂಬಾ ಇಳಿದುಹೋಗಿದ್ದಾರೆ. ದಯವಿಟ್ಟು ಅವರಿಗೆ ಚೆನ್ನಾಗಿ ಊಟ ಹಾಕಿ.'

ಅದಿತಿ ಅದನ್ನು ಗಟ್ಟಿಯಾಗಿ ಓದಿದಳು. "ದೇಖಾ? ಯಾರಿಗೂ ಅನುಮಾನ ಇಲ್ಲ." ಆದರೆ ಕೊನೆಯ ಸಾಲು ಓದುವಾಗ ಅವಳ ದನಿ ಸಣ್ಣಗಾಯಿತು. ಆಮೇಲೆ ಅವಳು ಮಹಡಿಗೆ ಒಬ್ಬಳೇ ಹೋಗುವುದನ್ನು ಬಿಟ್ಟಳು.

ಮೂರನೇ ವಾರದ ಒಂದು ಮಧ್ಯಾಹ್ನ ಎಲ್ಲರೂ ಉಂಡು ಹೋದ ಮೇಲೆ ಅನ್ನದಾನಮ್ಮ ಬಾಗಿಲಲ್ಲೇ ನಿಂತಳು. ರೋಣದ ಕಡೆಯ ಹೆಂಗಸು. ಗಂಡ ಶಿವಬಸಯ್ಯನಿಗೆ ಗಂಟಲ ಕ್ಯಾನ್ಸರ್. ದಿನಾ ಬಂದು ತನ್ನ ಊಟದ ಜೊತೆಗೆ ಅವನ ಗಂಜಿಯನ್ನೂ ಡಬ್ಬಿಯಲ್ಲಿ ಒಯ್ಯುತ್ತಿದ್ದಳು.

"ಮಾಸ್ತರರನ್ನ ಒಮ್ಮೆ ನೋಡಬೇಕಿತ್ತ್ರಿ ಅಕ್ಕಾರ. ನಾನೂ ಐನೂರು ರೂಪಾಯಿ ಹಾಕೀನ್ರಿ. ನಂದಕ್ಕ ಅವರೂ ಐನೂರು ಕೊಟ್ಟಾರಲ್ಲ, ಪಾದಾ ಮುಟ್ಟಿ ಹೋಗತೀನಿ."

"ಮಲಗಿದಾರಮ್ಮ. ನಿದ್ದೆ ಹತ್ತಿದೆ," ಎಂದಳು ಪ್ರೇಮಾ.

ಮೇಲಿಂದ ದನಿ ಬಂತು. "ನಿಮ್ಮದು ಬಂತು. ನನ್ನದೂ ಬಂತು."

ಅನ್ನದಾನಮ್ಮನ ಮುಖ ಅರಳಿತು. "ಎಚ್ಚರ ಅದಾರ್ರೀ." ಮೆಟ್ಟಿಲಿನ ಕಡೆ ಕೈಮುಗಿದು, ಸ್ವಲ್ಪ ಹೊತ್ತು ಕಾದು, ಡಬ್ಬಿ ಎತ್ತಿಕೊಂಡು ಹೊರಟುಹೋದಳು.

ಸಂಜೆ ಅದಿತಿ ಕಚೇರಿಯಿಂದ ಬಂದದ್ದೇ ತಡ, ಪ್ರೇಮಾ ಅವಳ ಮೇಲೆ ರೇಗಿದಳು. "ಆ ಫೋನಿನ ಬಾಯಿ ಮುಚ್ಚಿಸೇ ಮೊದಲು. ನಂಗೆ ಆಗಲ್ಲ ಇನ್ನು."

"ಯಾವ ಫೋನು?"

"ಮೇಷ್ಟ್ರದು. ಮಧ್ಯಾಹ್ನ ಕೂಗ್ತು."

ಅದಿತಿ ಬ್ಯಾಗು ಕೆಳಗಿಡಲಿಲ್ಲ. "ಅಮ್ಮ, ಅದನ್ನ ಏಕಾದಶಿ ದಿನಾನೇ ಬಂದ್ ಮಾಡಿದೀನಿ. ಪೂರ್ತಿ ಆಫ್. ನನ್ನ ಆಫೀಸಿನ ಡ್ರಾವರ್‌ನಲ್ಲಿದೆ."

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಯಾರೂ ಏಳಲಿಲ್ಲ. ಕೊನೆಗೆ ಶ್ರೀರಮಾ ಎದ್ದು ಗ್ಯಾಸು ಆರಿಸಿ ಮಗನ ಮುಂದೆ ಬಂದು ನಿಂತರು.

"ನಾಳೆ ತಲೆ ಬೋಳಿಸ್ತೀಯೋ, ನಾನೇ ಘಾಟಿಗೆ ಹೋಗಿ ಕೂಗಿ ಹೇಳ್ಲೋ?"

"ಶಿವರಾತ್ರಿಗೆ ಐದೇ ದಿನ ಅಮ್ಮ. ಇನ್ನು ಒಂದೂವರೆ ಲಕ್ಷ..."

"ನಾನು ಮಾತು ಕೊಟ್ಟಿದ್ದೆ," ಎಂದಳು ಪ್ರೇಮಾ. ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವಳು ಗಂಡನ ಮಾತಿಗೆ ಅಡ್ಡ ಬಂದದ್ದು ಅದೇ ಮೊದಲು. "ನಿಮ್ಮ ಕೈಲಿ ಆಗಲ್ಲ ಅಂದ್ರೆ ಹೇಳಿ, ಬೇರೆ ಭಟ್ಟರನ್ನ ಕರೀತೀನಿ. ದಕ್ಷಿಣೆ ನನ್ನ ಬಳೆಯಿಂದ ಕೊಡ್ತೀನಿ."

ಬೆಳಿಗ್ಗೆ ಎಂಟು ಗಂಟೆಗೆ, ಘಾಟಿನ ಜನವೆಲ್ಲ ನೋಡುತ್ತಿರುವಂತೆ, ರಘುನಾಥ ಭಟ್ಟರು ಕ್ಷೌರದವನ ಮುಂದೆ ತಲೆ ಬಗ್ಗಿಸಿ ಕೂತರು. ಮೀಸೆಯೂ ಹೋಯಿತು. ಯಾರು ಎಂದು ಕೇಳಿದವರಿಗೆಲ್ಲ "ನಮ್ಮ ಮೇಷ್ಟ್ರು" ಎಂದರು. ಯಾವಾಗ ಎಂದು ಕೇಳಿದವರಿಗೂ ಉತ್ತರ ಹೇಳಿದರು. ಕೆಲವರು ನಂಬಲಿಲ್ಲ. ಮೊನ್ನೆ ತಾನೆ ನೋಡಿದೆವಲ್ಲ ಎಂದರು. ಅದಿತಿ ಪೇಜಿನಲ್ಲಿ ಬರೆದಳು: 'ಮೇಷ್ಟ್ರು ಪ್ರಯಾಗದಲ್ಲಿ ತೀರಿಕೊಂಡಿದ್ದಾರೆ. ತಿಳಿಸಲು ತಡಮಾಡಿದ್ದಕ್ಕೆ ಕ್ಷಮಿಸಿ. ಅವರ ಸಮಪಾಲು ಶಿವರಾತ್ರಿಯವರೆಗೆ ನಡೆಯುತ್ತದೆ, ಅದು ಅವರ ಇಚ್ಛೆ.' ಹಣ ನಿಲ್ಲಲಿಲ್ಲ. ಸತ್ತವರ ಹೆಸರಿಗೆ ಜನ ಇನ್ನೂ ಧಾರಾಳವಾಗಿ ಕೊಟ್ಟರು.

ಮೂರು ದಿನ ಕರ್ಮ ನಡೆಯಿತು. ಭಟ್ಟರು ಒಂದು ಮಂತ್ರವನ್ನೂ ನುಂಗಲಿಲ್ಲ. ಮೂರನೇ ದಿನ ವಡೆ ಪಾಯಸ ಮಾಡಿ ಬ್ರಾಹ್ಮಣರಿಗೆ ಬಡಿಸಿ, ಶ್ರೀರಮಾ ಸಹಿತ ಮನೆಯವರೂ ಉಂಡು, ಪ್ರೇಮಾ ಹಗುರಾಗಿ ಮಲಗಿದಳು.

ನಾಲ್ಕನೇ ದಿನ ಎರಡೇ ಲೋಟ ಅಕ್ಕಿ ಇಟ್ಟಳು. ಮತ್ತೆ ಸಾಲಲಿಲ್ಲ.

ಭಟ್ಟರು ಬರಿದಾದ ಪಾತ್ರೆಯನ್ನು ಎರಡು ಸಲ ಬಗ್ಗಿ ನೋಡಿದರು. ಆ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. "ಶಾಸ್ತ್ರದಲ್ಲಿ ಏನೂ ಬಿಟ್ಟಿಲ್ವಲ್ಲೇ ನಾನು."

"ಶಾಸ್ತ್ರದ್ದು ಮುಗೀತು," ಎಂದರು ಶ್ರೀರಮಾ.

ಅವತ್ತು ಶಿವರಾತ್ರಿಯ ಹಿಂದಿನ ದಿನ. ಊಟದ ಸಾಲು ಕರಗಿದ ಮೇಲೆ ಅನ್ನದಾನಮ್ಮ ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಅದಿತಿಗೆ ರಜೆ, ಮನೆಯಲ್ಲೇ ಇದ್ದಳು. ಭಟ್ಟರೂ ಇದ್ದರು.

"ಮಾಸ್ತರರು ಹೋಗಿದ್ದು ಕೇಳಿ ಭಾಳ ಕೆಟ್ಟ ಅನಿಸ್ತ್ರಿ. ಒಂದು ಮಾತು ಕೇಳಲೇನ್ರಿ? ನಂದಕ್ಕ ಅವರ ಐನೂರು ಬಂತೋ ಇಲ್ಲೋ?"

"ಯಾಕಮ್ಮ?"

"ಆ ದುಡ್ಡು ಇವರ ಇಂಜೆಕ್ಷನ್ನಿಗೆ ಇಟ್ಟದ್ದಿತ್ತ್ರಿ. ಮುಂದಿನ ವಾರ ಮಾಡಿಸಿದ್ರಾತು ಅಂತ ಇವರ ಅಂದ್ರು. ಡಾಕ್ಟರು ಬೈದ್ರು, ವಾರ ತಪ್ಪಿಸಬಾರದಿತ್ತು ಅಂತ. ಈಗ ಗಂಜೀನೂ ಇಳೀವಲ್ದು. ಆದ್ರ ಏನ್ ಮಾಡೂದ್ರಿ, ನಾ ಕೊಡದಿದ್ರ ಅವರದೂ ಬರಂಗಿಲ್ಲ ಅಂತ ಬರದಿದ್ರಲ್ಲ. ನಮ್ಮಿಂದ ಇಷ್ಟು ಮಂದಿ ಅನ್ನಕ್ಕ ಖೋತಾ ಆಗಬಾರದು ಅಂತ ಹೆದರಿ ಕೊಟ್ಟೆ."

ಪ್ರೇಮಾ ಗಂಡನನ್ನು ನೋಡಿದಳು. ಭಟ್ಟರು ಬೋಳುತಲೆಯ ಮೇಲೆ ಕೈಯಾಡಿಸುತ್ತ ನೆಲ ನೋಡುತ್ತಿದ್ದರು. ಮಗಳನ್ನು ನೋಡಿದಳು. ಅದಿತಿ ಬೇಡ ಎಂಬಂತೆ ಸಣ್ಣಗೆ ತಲೆ ಅಲ್ಲಾಡಿಸಿದಳು.

"ಅವರ ಹಣ ಕಾರ್ತೀಕದಲ್ಲೇ ಬಂದಿತ್ತಮ್ಮ," ಎಂದಳು ಪ್ರೇಮಾ. "ಪೂರ್ತಿ ಎಂಟು ಲಕ್ಷ. ಪೇಜು ಮಾಡೋಕೂ ಮುಂಚೆ."

ಅನ್ನದಾನಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಹಂಗಾರ ನಾ ಕೊಡದಿದ್ರೂ ಬರತಿತ್ತೇನ್ರಿ?"

"ಬರ್ತಿತ್ತು."

"ಅಮ್ಮ," ಅದಿತಿ ಎದ್ದಳು. "ಆಂಟಿ, ಅದು ಹಾಗಲ್ಲ. ನಿಮ್ಮ ದುಡ್ಡೂ ಅಡುಗೆಮನೆಗೇ ಬಂತು, ಬೇಕಾರ್ ನಹೀಂ ಗಯಾ, ದಂಡ ಆಗಿಲ್ಲ. ಎಲ್ಲಾ ಕಡೆ ಹೀಗೇ ಮಾಡ್ತಾರೆ. ದೊಡ್ಡ ದೊಡ್ಡೋರೂ."

"ಅವರು ಮಾಡ್ಲಿ ತಂಗಿ. ನನ್ನ ಐನೂರು ಕೊಡ್ರಿ."

ಭಟ್ಟರು ಸಮಾಧಾನ ಹೇಳಲು ಬಾಯಿ ತೆಗೆದರು. ತಪ್ಪಾಗಿದೆ, ಆದರೆ ಮೇಷ್ಟ್ರ ಕರ್ಮವೆಲ್ಲ ಸಾಂಗವಾಗಿ ಆಗಿದೆ, ಆತ್ಮಕ್ಕೆ ಬಿಡುಗಡೆಯಾಗಿದೆ ಎಂದರು.

"ಅವರು ಬಿಡುಗಡೆ ಆದ್ರೋ ಇಲ್ಲೋ ನನಗ ಗೊತ್ತಿಲ್ಲ್ರಿ. ನಮ್ಮೊಳಗ ಅದೆಲ್ಲಾ ಇಲ್ಲ. ನನ್ನ ಗಂಡ ಇನ್ನೂ ಜೀವಂತ ಅದಾನ್ರಿ."

ಪ್ರೇಮಾ ದಿನಸಿಗೆ ಇಟ್ಟಿದ್ದ ಹಣದಿಂದ ಐನೂರು ತಂದುಕೊಟ್ಟಳು. ಅನ್ನದಾನಮ್ಮ ಸೆರಗಿನ ತುದಿಗೆ ಕಟ್ಟಿಕೊಂಡಳು. ಬಾಗಿಲು ದಾಟುವಾಗ ಮಹಡಿಯ ಮೆಟ್ಟಿಲನ್ನು ಒಮ್ಮೆ ನೋಡಿದಳು, ಈ ಸಲ ಕೈಮುಗಿಯಲಿಲ್ಲ.

ಅವಳು ಹೋದ ಮೇಲೆ ಪ್ರೇಮಾ ಮಗಳ ಲ್ಯಾಪ್‌ಟಾಪನ್ನು ತಾನೇ ತಂದು ಅವಳ ಮಡಿಲಲ್ಲಿ ಇಟ್ಟಳು. "ಬರಿ."

"ಎಲ್ಲಾ ವಾಪಸು ಕೇಳ್ತಾರೆ ಅಮ್ಮ. ಕೋಣೆ ಹೋಗತ್ತೆ. ಇಪ್ಪತ್ತೈದು ಜನಕ್ಕೆ ಈ ಗೂಡಿನಲ್ಲೇ ಬೇಯಿಸ್ತಾ ಸಾಯ್ತೀಯ."

"ಸಾಯ್ತೀನಿ. ಬರಿ."

ಅದಿತಿ ಅಪ್ಪನ ಕಡೆ ನೋಡಿದಳು. ಇಷ್ಟು ದಿನ ಅವಳ ಪರವಾಗಿದ್ದ ಅಪ್ಪ, "ಬರಿ ಪುಟ್ಟಿ" ಎಂದರು. ಅಳುತ್ತಲೇ ಬರೆದಳು. 'ಮೇಷ್ಟ್ರ ಎಂಟು ಲಕ್ಷ ಮೊದಲೇ ನಮ್ಮ ಕೈಯಲ್ಲಿತ್ತು. ನೀವು ಕೊಡದಿದ್ದರೂ ಅದು ಅಡುಗೆಮನೆಗೇ ಸೇರುತ್ತಿತ್ತು. ಕೊಡದಿದ್ದರೆ ಬಾರದು ಎಂದು ನಾವು ಬರೆದದ್ದು ಸುಳ್ಳು. ಅದನ್ನು ನಂಬಿ ಕೊಟ್ಟವರು ಕೇಳಿದರೆ ಹಣ ಹಿಂದಿರುಗಿಸುತ್ತೇವೆ.'

ಶಿವರಾತ್ರಿಯ ದಿನ ಬೆಳಿಗ್ಗೆಯಿಂದಲೇ ಫೋನು. ಮೇಷ್ಟ್ರ ಹೆಸರಿಗೆ ಮಸಿ ಬಳಿದಿರಿ ಎಂದು ಬೈದವರು ಕೆಲವರು, ಭಟ್ಟರೇ ನುಂಗಿರಬೇಕು ಎಂದವರು ಕೆಲವರು. ಅರ್ಧಕ್ಕಿಂತ ಹೆಚ್ಚು ಜನ ಹಣ ವಾಪಸು ಕೇಳಿದರು. ಪಕ್ಕದ ಕೋಣೆಗಳ ಮಾಲೀಕ ಸಂಜೆಯೊಳಗೆ ಯಾರೋ ಹೋಟೆಲಿನವನ ಜೊತೆ ಮಾತು ಮುಗಿಸಿದ. ಅದಿತಿ ಎರಡು ದಿನ ಅಮ್ಮನ ಜೊತೆ ಮಾತು ಬಿಟ್ಟಳು. ಅಕ್ಕಿ ಸಾಲುತ್ತದೋ ಇಲ್ಲವೋ ಎಂದು ನೋಡುವ ಧೈರ್ಯ ಪ್ರೇಮಾಳಿಗೆ ಇರಲಿಲ್ಲ. ಮೂರು ಲೋಟ ಇಟ್ಟು ಸುಮ್ಮನಾದಳು.

ಶಿವರಾತ್ರಿಯ ಮಾರನೇ ಮಧ್ಯಾಹ್ನ ಅನ್ನದಾನಮ್ಮ ಬಂದಳು. ಬರುವುದಿಲ್ಲ ಎಂದುಕೊಂಡಿದ್ದ ಪ್ರೇಮಾಳ ಜೀವ ಹಗುರಾಯಿತು. ಆದರೆ ಶಿವಬಸಯ್ಯನ ಗಂಟಲಿಗೆ ಇಳಿಯುವಂಥ ಗಂಜಿ ಆ ಊರಿನಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ, ಬಂದದ್ದು ಅದಕ್ಕೆ. ಡಬ್ಬಿ ಮುಂದೆ ಹಿಡಿದಳು. ಮುಖ ನೋಡಲಿಲ್ಲ.

ಪ್ರೇಮಾ ದಿನಾ ಹಾಕುವ ಎರಡು ಸೌಟು ಹಾಕಿದಳು. ಮನಸ್ಸು ತಡೆಯದೆ ಮೂರನೆಯದನ್ನೂ ಹಾಕಿ, ಮೇಲೆ ಒಂದು ಚಮಚ ತುಪ್ಪ ಬಿಟ್ಟಳು.

ಅನ್ನದಾನಮ್ಮ ಡಬ್ಬಿ ಬಗ್ಗಿಸಿ, ಹೆಚ್ಚಿನ ಗಂಜಿಯನ್ನು ತುಪ್ಪದ ಸಮೇತ ಪಾತ್ರೆಗೆ ವಾಪಸು ಸುರಿದಳು.

"ಅವರು ಉಣ್ಣೂದು ಎರಡ ಸೌಟು," ಎಂದಳು. "ಅಷ್ಟ ಹಾಕ್ರಿ."

ಮುಚ್ಚಳ ಒತ್ತಿ, ಹಿಂದಿನವರಿಗೆ ಜಾಗ ಬಿಟ್ಟು ಹೊರಟಳು.